ಕಾಲುಮಣೆಯಿಂದ ಗ್ರಿಡ್‌ವರೆಗೆ: ಸೊಲ್ಲಾಪುರ–ಅಕ್ಕಲಕೋಟೆ ಸೀಮೆಯಲ್ಲಿ ಚಾಲೂ ಆಗದ ಅಚ್ಚಿನ ಯಂತ್ರದ ಚರಿತ್ರೆ

ಮುದ್ರಣದ ಚರಿತ್ರೆಯನ್ನು ಬರೆದವರು ಅಚ್ಚಾದ ಪುಸ್ತಕ, ಪತ್ರಿಕೆ, ಅವುಗಳ ಸಂಪಾದಕರು ಮತ್ತು ಪೋಷಕರ ಕಡೆಗೆ ಹೆಚ್ಚು ಗಮನ ಕೊಟ್ಟಿದ್ದಾರೆ. ಅಚ್ಚಿನ ಯಂತ್ರವನ್ನು ತಿರುಗಿಸಿದ ಶಕ್ತಿ ಎಲ್ಲಿಂದ ಬರುತ್ತಿತ್ತು, ಅದು ಬಾರದ ದಿನ ಯಂತ್ರದ ಮುಂದೆ ನಿಂತವನು ದೋಷವನ್ನು ಎಲ್ಲಿ ಹುಡುಕುತ್ತಿದ್ದ ಎಂಬ ಪ್ರಶ್ನೆ ಮಾತ್ರ ಬದಿಗೆ ಉಳಿದುಬಂದಿದೆ. ಗಿರಣಿ, ಮಗ್ಗ ಮತ್ತು ಛಾಪಖಾನೆಗಳು ಒಂದೇ ಪೇಟೆಯಲ್ಲಿ ಬೆಳೆದ ಸೊಲ್ಲಾಪುರದಲ್ಲಿ, ಅದಕ್ಕೆ ಹೊಂದಿಕೊಂಡು ಕನ್ನಡ ಮಾತನಾಡುವ ಹಳ್ಳಿಗಳೇ ತುಂಬಿರುವ ಅಕ್ಕಲಕೋಟೆ ತಾಲೂಕಿನಲ್ಲಿ, ಈ ಪ್ರಶ್ನೆಗೆ ದೀರ್ಘವಾದ ಹಿನ್ನೆಲೆಯಿದೆ. ಗುಂಡಿ ಒತ್ತಿದರೂ ದೀಪ ಹತ್ತದ ಇಂದಿನ ಕಚೇರಿಯ ಪ್ರಿಂಟರ್ ಆ ಚರಿತ್ರೆಯ ಇತ್ತೀಚಿನ ಘಟ್ಟವಷ್ಟೇ. ಒಂದೂವರೆ ಶತಮಾನದಲ್ಲಿ ಶಕ್ತಿಯ ಮೂಲವು ಕೆಲಸಗಾರನ ಕಾಲಡಿಯಿಂದ ಹೊರಟು ನೂರಾರು ಮೈಲಿ ದೂರದ ವಿದ್ಯುದಾಗಾರಕ್ಕೆ ಸರಿಯಿತು. ಅದೇ ಅವಧಿಯಲ್ಲಿ ಯಂತ್ರದ ಒಳಗಿನ ರಚನೆಯು ಕಣ್ಣಿಗೆ ಕಾಣುವ ಚಕ್ರ ಮತ್ತು ಪಟ್ಟಿಗಳನ್ನು ಬಿಟ್ಟು ಮುಚ್ಚಿದ ಡಬ್ಬಿಯೊಳಗೆ ಸೇರಿತು. ಹೀಗೆ ಮೂಲ ದೂರವಾದಂತೆ, ಒಳಭಾಗ ಮರೆಯಾದಂತೆ, ದೋಷವನ್ನು ಗುರುತಿಸುವ ವಿದ್ಯೆಯು ಯಂತ್ರ ನಡೆಸುವವನ ಕೈ ಬಿಟ್ಟು ದುರಸ್ತಿಯವನ ಕೈಗೆ ಹೋಯಿತು.

ಛಾಪಖಾನೆ ಬರುವ ಮುನ್ನ ಕಚೇರಿಯಲ್ಲಿ ಪ್ರತಿ ತೆಗೆಯುವ ಕೆಲಸ ಕಾರಕೂನನದಾಗಿತ್ತು. ಸಾತಾರೆಯ ಶಾಹು ಮಹಾರಾಜನು ಮಗನಂತೆ ಸಾಕಿದ ಫತೇಸಿಂಹ ಭೋಸಲೆಯಿಂದ 18ನೇ ಶತಮಾನದಲ್ಲಿ ಆರಂಭವಾದ ಅಕ್ಕಲಕೋಟೆ ಸಂಸ್ಥಾನದಲ್ಲಿ ಪ್ರಜೆಗಳ ಮಾತು ಬಹುಮಟ್ಟಿಗೆ ಕನ್ನಡವಾಗಿದ್ದರೂ ದರಬಾರಿನ ದಫ್ತರವು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ನಡೆಯುತ್ತಿತ್ತು. ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿ ಲೇಖನಿ ಎತ್ತದೆ ವೇಗವಾಗಿ ಬರೆಯಲು ಅನುಕೂಲವಾದ ಈ ಲಿಪಿಗೆ ಬೇಕಾಗಿದ್ದ ಸಲಕರಣೆ ಬೋರು ಎಂಬ ಲಾಳಕಡ್ಡಿಯ ಲೇಖನಿ, ಮಸಿ ಮತ್ತು ಕಾಗದ ಮಾತ್ರ. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ಭಾಷಾವಾರು ವಿಂಗಡಣೆಯಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರದೆ ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರ ಮೇ 1ರಂದು ಮಹಾರಾಷ್ಟ್ರದ ಭಾಗವಾಯಿತು. ಮನೆಯ ಮಾತು ಒಂದು, ಕಚೇರಿಯ ಕಾಗದದ ಮಾತು ಇನ್ನೊಂದು ಎಂಬ ಸ್ಥಿತಿ ಸಂಸ್ಥಾನ ಕಾಲದ್ದೇ ಆಗಿದ್ದು, ಯಂತ್ರಗಳು ಬದಲಾದರೂ ಅದು ಬದಲಾಗಲಿಲ್ಲ.

ಸೊಲ್ಲಾಪುರಕ್ಕೆ ರೈಲು ಬಂದದ್ದು 1860ರಲ್ಲಿ. ಮುಂಬಯಿಯ ಮೊರಾರಜಿ ಗೋಕುಲದಾಸ್ ಅವರ ಹೆಸರಿನೊಂದಿಗೆ ಕೂಡಿಕೊಂಡಿರುವ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ, ಜನರ ಬಾಯಲ್ಲಿ ಜುನಿ ಮಿಲ್, 1870ರ ದಶಕದಲ್ಲಿ ಉಗಿಯ ಬಲದಿಂದ ಕೆಲಸ ಆರಂಭಿಸಿತು. ಅದರ ಬೆನ್ನಿಗೆ ಶತಮಾನದ ಕೊನೆಯ ವೇಳೆಗೆ ಲಕ್ಷ್ಮೀ ಮಿಲ್ ಮತ್ತು ನರಸಿಂಗ ಗಿರಜಿ ಮಿಲ್, ನಂತರದ ದಶಕದಲ್ಲಿ ವಿಷ್ಣು ಮಿಲ್ ಬಂದವು. ಈ ಗಿರಣಿಗಳಲ್ಲಿ ಶಕ್ತಿಯ ಹಾದಿ ಹೇಗಿತ್ತು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ, ಏಕೆಂದರೆ ದೋಷ ಹುಡುಕುವ ಕ್ರಮವನ್ನು ಈ ನಗರ ಮೊದಲು ಕಲಿತದ್ದು ಅಲ್ಲಿಯೇ. ಬಾಯ್ಲರಿನ ಉಗಿಯಿಂದ ಒಂದೇ ದೊಡ್ಡ ಎಂಜಿನ್ ತಿರುಗುತ್ತಿತ್ತು. ಅದರ ಚಕ್ರದಿಂದ ಹಗ್ಗ ಅಥವಾ ಚರ್ಮದ ಪಟ್ಟಿಗಳ ಮೂಲಕ ಸೂರಿನ ಕೆಳಗೆ ಉದ್ದಕ್ಕೂ ಹಾದುಹೋದ ಶಾಫ್ಟಿಗೆ, ಆ ಶಾಫ್ಟಿನಿಂದ ಪ್ರತಿಯೊಂದು ಮಗ್ಗಕ್ಕೆ ಬೇರೆ ಬೇರೆ ಪಟ್ಟಿಯ ಮೂಲಕ ಚಲನೆ ಇಳಿದುಬರುತ್ತಿತ್ತು. ಒಂದು ಮಗ್ಗ ನಿಂತರೆ ಅದರ ಪಟ್ಟಿ ಜಾರಿದೆ ಎಂದು, ಒಂದು ಸಾಲು ನಿಂತರೆ ಶಾಫ್ಟಿನಲ್ಲಿ ತೊಂದರೆ ಎಂದು, ಇಡೀ ಖಾತೆಯೇ ನಿಂತರೆ ಎಂಜಿನ್ ಮನೆಯಲ್ಲಿ ಏನೋ ಆಗಿದೆ ಎಂದು ತಿಳಿಯಲು ಯಾವ ಸಾಧನವೂ ಬೇಕಿರಲಿಲ್ಲ. ತಲೆಯೆತ್ತಿ ನೋಡಿದರೆ ಸಾಕಾಗುತ್ತಿತ್ತು. ನಿಂತುಹೋದದ್ದು ಒಂದೋ, ಒಂದು ಸಾಲೋ, ಎಲ್ಲವೋ ಎಂದು ಮೊದಲು ಕೇಳಿಕೊಳ್ಳುವ ಈ ಕ್ರಮವು ಇಂದಿಗೂ ವಿದ್ಯುತ್ ದುರಸ್ತಿಯ ಮೊದಲ ಹೆಜ್ಜೆಯಾಗಿದೆ.

ಛಾಪಖಾನೆಗಳಲ್ಲಿ ಶಕ್ತಿಯ ಹಾದಿ ಇನ್ನೂ ಚಿಕ್ಕದಾಗಿತ್ತು, ಆದರೆ ಅಚ್ಚಿನ ಕೆಲಸ ಕಡಿಮೆಯಿರಲಿಲ್ಲ. 19ನೇ ಶತಮಾನದ ಉತ್ತರಾರ್ಧದಲ್ಲಿಯೇ ಸೊಲ್ಲಾಪುರದಲ್ಲಿ ಮರಾಠಿ ವಾರಪತ್ರಿಕೆಗಳು ನಡೆಯುತ್ತಿದ್ದವು. 20ನೇ ಶತಮಾನದ ಮೊದಲ ದಶಕದಲ್ಲಿ ನಗರದ ಲಿಂಗಾಯತ ವರ್ತಕ ವಾರದ ಮಲ್ಲಪ್ಪ ಬಸಪ್ಪ ಅವರ ಆಶ್ರಯದಲ್ಲಿ ವೀರಶೈವ ಶಾಸ್ತ್ರಗ್ರಂಥಗಳ ಒಂದು ಮಾಲೆ ಹೊರಬಂದಿತು. ಮುಂದೆ ಇದೇ ನಗರದ ಜೈನ ಸಂಸ್ಕೃತಿ ಸಂರಕ್ಷಕ ಸಂಘವು ಜೀವರಾಜ ಜೈನ ಗ್ರಂಥಮಾಲೆಯನ್ನು ಆರಂಭಿಸಿ, ಬೆಳಗಾವಿ ಜಿಲ್ಲೆಯ ಸದಲಗಾದ ಆ. ನೇ. ಉಪಾಧ್ಯೆ ಮತ್ತು ಹೀರಾಲಾಲ ಜೈನ್ ಅವರ ಸಂಪಾದಕತ್ವದಲ್ಲಿ ತಿಲೋಯಪಣ್ಣತ್ತಿ ಎಂಬ ಪ್ರಾಕೃತ ಗ್ರಂಥದ ಎರಡು ಭಾಗಗಳನ್ನು 1943 ಮತ್ತು 1951ರಲ್ಲಿ ಪ್ರಕಟಿಸಿತು. ಹೋಟಗಿಯಿಂದ ಹೊರಟು ಗದಗಕ್ಕೆ ಹೋಗುವ ರೈಲು ದಾರಿಯ ಮೇಲಿನ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಹಾಕಿಸುವುದಕ್ಕಾಗಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ಅವರು ಮನೆಯನ್ನೇ ಮಾರಿದರೆಂಬುದು ಕನ್ನಡ ನಾಡಿಗೆಲ್ಲ ತಿಳಿದ ಸಂಗತಿ.

ಆ ಕಾಲದ ಚಿಕ್ಕ ಛಾಪಖಾನೆಗಳ ಮುಖ್ಯ ಯಂತ್ರವೆಂದರೆ ಟ್ರೆಡಲ್, ಅಂದರೆ ಕಾಲುಮಣೆಯನ್ನು ತುಳಿದು ನಡೆಸುವ ಅಚ್ಚಿನ ಯಂತ್ರ. ಮುದ್ರಕನು ಒಂದು ಕಾಲಿನಿಂದ ಮಣೆಯನ್ನು ತುಳಿಯುತ್ತ, ಬಲಗೈಯಿಂದ ಬಿಳಿ ಹಾಳೆಯನ್ನು ಇಡುತ್ತ, ಎಡಗೈಯಿಂದ ಅಚ್ಚಾದ ಹಾಳೆಯನ್ನು ತೆಗೆಯುತ್ತ ನಿಲ್ಲುತ್ತಿದ್ದ. ಪಕ್ಕದ ಭಾರವಾದ ಚಕ್ರವು ಒಮ್ಮೆ ವೇಗ ಹಿಡಿದರೆ ತುಳಿತದ ಏರುಪೇರನ್ನು ತಾನೇ ಸರಿದೂಗಿಸುತ್ತಿತ್ತು. ಇಂಥ ಯಂತ್ರವೂ ಚಾಲೂ ಆಗದೆ ಕೂಡುತ್ತಿತ್ತು, ಆದರೆ ಅದರ ಕಾರಣಗಳೆಲ್ಲ ಕೈಗೆ ಸಿಗುವಂಥವು. ಮಣೆಯ ಸಲಾಕೆಯೂ ಕ್ರ್ಯಾಂಕೂ ಒಂದೇ ನೇರಕ್ಕೆ ಬಂದು ನಿಂತಿದ್ದರೆ ಎಷ್ಟು ಬಲವಾಗಿ ತುಳಿದರೂ ಚಕ್ರ ಅಲುಗುವುದಿಲ್ಲ. ಕೈಯಿಂದ ಅದನ್ನು ತುಸು ಮುಂದಕ್ಕೆ ದೂಡಿದರೆ ಸಲೀಸಾಗಿ ತಿರುಗತೊಡಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಇನ್ನೊಂದು ಪೀಡೆಯೂ ಇತ್ತು: ಅಂದಿನ ಮಸಿಯ ರೂಳುಗಳನ್ನು, ಅಂದರೆ ರೋಲರುಗಳನ್ನು, ಸರೇಸು ಮತ್ತು ಕಾಕಂಬಿಯನ್ನು ಕಾಸಿ ಎರಕ ಹೊಯ್ದು ಮಾಡುತ್ತಿದ್ದುದರಿಂದ, ಬಿಸಿಲು ಏರಿದಂತೆ ಅವು ಮೆತ್ತಗಾಗಿ ಅಚ್ಚುಮೊಳೆಗಳಿಗೆ ಅಂಟಿಕೊಂಡು ಯಂತ್ರವನ್ನೇ ಹಿಡಿದು ನಿಲ್ಲಿಸುತ್ತಿದ್ದವು. ಇದಕ್ಕೆ ಉಪಾಯವೆಂದರೆ ನಸುಕಿನಲ್ಲಿಯೋ ರಾತ್ರಿಯಲ್ಲಿಯೋ ಅಚ್ಚು ಹಾಕುವುದು, ಇಲ್ಲವೇ ಬೇಸಗೆಗೆಂದೇ ಗಟ್ಟಿಯಾದ ರೂಳು ಎರೆಯುವುದು. ಹೀಗೆ ಹವಾಮಾನ, ಎಣ್ಣೆ, ಮಸಿ ಮತ್ತು ತನ್ನ ಮೈಬಲ, ಈ ನಾಲ್ಕನ್ನು ಬಲ್ಲ ಮುದ್ರಕನಿಗೆ ಹೊರಗಿನ ದುರಸ್ತಿಯವನ ಅಗತ್ಯ ಅಪರೂಪವಾಗಿತ್ತು.

ಶಕ್ತಿಯ ಅಭಾವವಲ್ಲದೆ ಅಧಿಕಾರದ ಆಜ್ಞೆಯಿಂದಲೂ ಯಂತ್ರಗಳು ನಿಂತದ್ದುಂಟು. 1930ರ ಮೇ ತಿಂಗಳಲ್ಲಿ ಸೊಲ್ಲಾಪುರದಲ್ಲಿ ಜನರು ದಂಗೆಯೆದ್ದಾಗ ಬ್ರಿಟಿಷ್ ಸರಕಾರವು ಮಾರ್ಷಲ್ ಲಾ ಹೇರಿತು. ಅದೇ ವರ್ಷದ ಪತ್ರಿಕಾ ಸುಗ್ರೀವಾಜ್ಞೆಯು ಛಾಪಖಾನೆಗಳಿಂದ ಠೇವಣಿ ಕೇಳುವ, ಕಟ್ಟದಿದ್ದರೆ ಯಂತ್ರ ನಿಲ್ಲಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತ್ತು. 

ಕಚೇರಿ ಮತ್ತು ಶಾಲೆಗಳಿಗೆ ಬಂದ ಪ್ರತಿಯಂತ್ರವು ಟ್ರೆಡಲಿಗಿಂತ ಸರಳವಾದದ್ದು. ಸೈಕ್ಲೋಸ್ಟೈಲ್ ಎಂದು ಕರೆಯಲಾದ ಈ ವಿಧಾನದಲ್ಲಿ ಮೇಣ ಸವರಿದ ತೆಳುಹಾಳೆಯ ಮೇಲೆ ಟೈಪ್‌ರೈಟರಿನಿಂದಲೋ ಉಕ್ಕಿನ ಮೊನೆಯಿಂದಲೋ ಬರೆದಾಗ ಅಕ್ಷರದ ಗೆರೆಯಲ್ಲಿ ಮೇಣ ಸರಿದು ದಾರಿಯಾಗುತ್ತದೆ; ಆ ಹಾಳೆಯನ್ನು ಮಸಿ ತುಂಬಿದ ಉರುಳೆಗೆ ಸುತ್ತಿ ಹಿಡಿಕೆ ತಿರುಗಿಸಿದರೆ ಒಂದೊಂದೇ ಪ್ರತಿ ಹೊರಬೀಳುತ್ತದೆ. ಮರಾಠಿಯನ್ನು ಆಡಳಿತ ಭಾಷೆಯಾಗಿಸುವ ಕಾನೂನನ್ನು ಮಹಾರಾಷ್ಟ್ರವು 1960ರ ದಶಕದಲ್ಲಿ ಮಾಡಿದ ಮೇಲೆ ಕಚೇರಿಗಳ ಮೇಜಿನ ಮೇಲೆ ದೇವನಾಗರಿ ಟೈಪ್‌ರೈಟರುಗಳು ಕುಳಿತವು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಮತ್ತು ನೆರೆಯ ಜತ್ತ ತಾಲೂಕುಗಳ ಕನ್ನಡ ಮಾಧ್ಯಮದ ಶಾಲೆಗಳಿಗೆ ಪುಣೆಯ ಬಾಲಭಾರತಿ ಸಂಸ್ಥೆಯು ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಅಚ್ಚು ಹಾಕಿಸಿ ಕೊಡುತ್ತ ಬಂದಿದೆ. ಆದರೆ ಪ್ರಶ್ನೆಪತ್ರಿಕೆ, ಸುತ್ತೋಲೆಗಳಂಥ ದಿನದಿನದ ಕಾಗದಗಳಿಗೆ ಕನ್ನಡ ಟೈಪ್‌ರೈಟರ್ ಇಲ್ಲದ ಕಡೆ ಮೇಣದ ಹಾಳೆಯ ಮೇಲೆ ಕೈಬರಹವೇ ಗತಿಯಾಗಿತ್ತು. ಗಡಿಯ ಕನ್ನಡಕ್ಕೆ ಈ ಯಂತ್ರ ಮಾಡಿದ ಉಪಕಾರ ದೊಡ್ಡದು. ಅದಕ್ಕೆ ಯಾವ ಲಿಪಿಯೂ ಪರಕೀಯವಲ್ಲ, ಕರೆಂಟಿನ ಹಂಗೂ ಇಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಕಂದೀಲಿನ ಬೆಳಕಿನಲ್ಲಿಯೂ ನೂರು ಪ್ರತಿ ತೆಗೆಯಬಹುದಿತ್ತು.

ವಿದ್ಯುತ್ತು ಈ ಚಿತ್ರವನ್ನು ನಿಧಾನವಾಗಿ, ಆದರೆ ಆಳವಾಗಿ ಬದಲಿಸಿತು. 1960ರಲ್ಲಿ ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿ ಸ್ಥಾಪನೆಯಾಯಿತು. ಸಹ್ಯಾದ್ರಿಯ ಕೊಯ್ನಾ ಜಲವಿದ್ಯುತ್ ಯೋಜನೆಯು ಅದೇ ದಶಕದ ಆರಂಭದಲ್ಲಿ ಉತ್ಪಾದನೆ ಶುರುಮಾಡಿ ರಾಜ್ಯದ ಪ್ರಧಾನ ಆಧಾರವಾಯಿತು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾ ಕಣಿವೆಯಲ್ಲಿ ಭೂಕಂಪವಾಗಿ ವಿದ್ಯುದಾಗಾರ ನಿಂತಾಗ, ದೂರದ ಊರುಗಳ ಗಿರಣಿಗಳಿಗೂ ಅದರ ಪೆಟ್ಟು ತಗಲಿತು. ಇದಕ್ಕೆ ಮುಂಚೆ ಯಂತ್ರ ನಿಂತದ್ದರ ಕಾರಣ ಅದೇ ಕಟ್ಟಡದೊಳಗೆ ಇರುತ್ತಿತ್ತು. ಈಗ ಅದು ಕೆಲಸಗಾರನು ಎಂದೂ ಕಾಣದ ಕಣಿವೆಯಲ್ಲಿಯೂ ಇರಬಹುದಾಯಿತು. ಸೊಲ್ಲಾಪುರದ ದೊಡ್ಡ ಗಿರಣಿಗಳು ಒಂದೊಂದಾಗಿ ಕ್ಷೀಣಿಸಿದ ಮೇಲೆ ನೇಯ್ಗೆಯು ಪದ್ಮಶಾಲಿ ಮನೆಗಳ ವಿದ್ಯುತ್ ಮಗ್ಗಗಳಿಗೂ ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ವಸಾಹತಿಗೂ ಹರಡಿತು. ಚಾದರ ಮತ್ತು ಟವೆಲ್‌ಗಳ ಆ ಮಗ್ಗಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಮೋಟಾರು. ಮೋಟಾರು ಸುಟ್ಟರೆ ತಂತಿ ಸುತ್ತಿಕೊಡುವವರು, ಸ್ಟಾರ್ಟರ್ ದುರಸ್ತಿ ಮಾಡುವವರು, ಫ್ಯೂಜು ಕಟ್ಟುವವರು ಹೀಗೆ ಹುಟ್ಟಿಕೊಂಡ ಹೊಸ ಕಸುಬುದಾರರ ವರ್ಗವು ಮುಂದೆ ಕಚೇರಿಯ ಯಂತ್ರಗಳಿಗೂ ಒದಗಿತು. ಛಾಪಖಾನೆಗಳಲ್ಲಿಯೂ ಟ್ರೆಡಲಿನ ಚಕ್ರಕ್ಕೆ ಪಟ್ಟಿ ಹಾಕಿ ಚಿಕ್ಕ ಮೋಟಾರು ಜೋಡಿಸಿದರು. ಕಾಲುಮಣೆ ಹಾಗೆಯೇ ಉಳಿದಿದ್ದರಿಂದ, ಕರೆಂಟ್ ಹೋದರೆ ಪಟ್ಟಿ ಕಳಚಿ ಮತ್ತೆ ತುಳಿಯುವ ಅವಕಾಶವಿತ್ತು. ಆಫ್‌ಸೆಟ್ ಯಂತ್ರ ಬಂದ ಮೇಲೆ ಆ ಅವಕಾಶವೂ ಹೋಯಿತು.

ಕಂಪ್ಯೂಟರಿನೊಂದಿಗೆ ಬಂದ ಪ್ರಿಂಟರಿನಲ್ಲಿ ಶಕ್ತಿಯ ಹಾದಿ ಪೂರ್ತಿಯಾಗಿ ಅದೃಶ್ಯವಾಯಿತು. ಅದರ ಒಳಗಿನ ವಿದ್ಯುತ್ ಪೂರೈಕೆಯ ಭಾಗವನ್ನು ಎಸ್‌ಎಂಪಿಎಸ್ ಎನ್ನುತ್ತಾರೆ: ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ಪ್ರವಾಹವನ್ನು ಮೊದಲು ನೇರ ಪ್ರವಾಹವಾಗಿಸಿ, ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು, ಚಿಕ್ಕ ಟ್ರಾನ್ಸ್‌ಫಾರ್ಮರಿನ ಮೂಲಕ ಇಳಿಸಿ, ಮೋಟಾರುಗಳಿಗೆ 24 ವೋಲ್ಟಿನ ಆಸುಪಾಸಿನ, ಎಲೆಕ್ಟ್ರಾನಿಕ್ ಬೋರ್ಡಿಗೆ 5 ವೋಲ್ಟಿನ ಅಥವಾ ಅದಕ್ಕೂ ಕಡಿಮೆ ಒತ್ತಡದ ಪ್ರವಾಹವನ್ನು ಅದು ಒದಗಿಸುತ್ತದೆ. ಗುಂಡಿ ಒತ್ತಿದಾಗ ದೀಪ ಹತ್ತದಿದ್ದರೆ ಈ ಸರಪಳಿಯ ಯಾವ ಕೊಂಡಿ ಕಳಚಿದೆ ಎಂದು ಹುಡುಕಬೇಕು. ಹುಡುಕುವ ಕ್ರಮ ಮಾತ್ರ ಗಿರಣಿಯ ಕಾಲದ್ದೇ. ಊರಿಗೆಲ್ಲ ಕರೆಂಟ್ ಹೋಗಿದೆಯೋ, ಕಚೇರಿಯ ಒಂದು ಸಾಲಿಗಷ್ಟೇ ಹೋಗಿದೆಯೋ, ಈ ಒಂದೇ ಸಾಕೆಟ್ ಸತ್ತಿದೆಯೋ ಎಂದು ಮೊದಲು ನೋಡಲಾಗುತ್ತದೆ. ಇಲ್ಲಿ ಅನುಭವವಿಲ್ಲದವರು ಮೋಸಹೋಗುವ ಒಂದು ಸಂದರ್ಭವನ್ನು ಹೇಳಲೇಬೇಕು. ಸಾಕೆಟ್ಟಿನಲ್ಲಿ ಚುಚ್ಚಿದ ಟೆಸ್ಟರಿನ ನಿಯಾನ್ ದೀಪ ಹತ್ತಿದರೆ ಫೇಸ್ ತಂತಿ ಜೀವಂತವಾಗಿದೆ ಎಂದಷ್ಟೇ ಅರ್ಥ. ಪ್ರವಾಹ ಮರಳಿ ಹೋಗುವ ನ್ಯೂಟ್ರಲ್ ತಂತಿ ಎಲ್ಲಿಯೋ ತುಂಡಾಗಿದ್ದರೆ ಟೆಸ್ಟರ್ ಹತ್ತುತ್ತಿದ್ದರೂ ಯಂತ್ರ ನಡೆಯುವುದಿಲ್ಲ. ಆದ್ದರಿಂದ ಹಳೆಯ ಕೈಗಳು ಹೋಲ್ಡರಿನಲ್ಲಿ ಬಲ್ಬು ಹಾಕಿ ಎರಡು ತಂತಿ ಬಿಟ್ಟ ಟೆಸ್ಟ್ ಲ್ಯಾಂಪನ್ನು ಹಚ್ಚಿ ನೋಡುತ್ತಾರೆ. ಬಲ್ಬು ಪೂರ್ತಿ ಬೆಳಗಿದರೆ ಮಾತ್ರ ಪೂರೈಕೆ ಸರಿಯಿದೆ ಎಂದು ನಂಬುತ್ತಾರೆ. ಅನಂತರ ಕಂಪ್ಯೂಟರಿನ ವಿದ್ಯುತ್ ಕೇಬಲ್ಲನ್ನು ತೆಗೆದು ಅದೇ ಬಗೆಯ ಮೂರು ಪಿನ್ನಿನ ಪ್ರಿಂಟರಿಗೆ ಹಾಕಿ ನೋಡುವುದು ರೂಢಿ. ಎಷ್ಟೋ ದೋಷಗಳು ಈ ಹಂತದಲ್ಲಿಯೇ, ಹಿಂಬದಿಯಲ್ಲಿ ಸಡಿಲಾದ ಪಿನ್ನಿನ ರೂಪದಲ್ಲಿ ಸಿಕ್ಕಿಬಿಡುತ್ತವೆ.

ಡಬ್ಬಿ ತೆರೆದ ಮೇಲಿನ ಕೆಲಸ ಬಲ್ಲವರದು ಮಾತ್ರ, ಏಕೆಂದರೆ ಒಳಗಿನ ದೊಡ್ಡ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಬಿಡಿಭಾಗ, ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗೆ ಮೀರಿದ ಒತ್ತಡವನ್ನು ಕೆಲಹೊತ್ತು ಉಳಿಸಿಕೊಂಡಿರಬಲ್ಲದು. ಮೊದಲು ಕಣ್ಣು ಹೋಗುವುದು ಗಾಜಿನ ಫ್ಯೂಜಿನ ಕಡೆಗೆ. ಅದರೊಳಗಿನ ತಂತಿ ಸುಮ್ಮನೆ ತುಂಡಾಗಿದ್ದರೆ ವಯಸ್ಸಾಗಿ ಕಡಿದಿದೆ ಎಂದು ಆಶಿಸಬಹುದು. ಗಾಜು ಕಪ್ಪಗೆ ಮಸಿ ಹಿಡಿದಿದ್ದರೆ ಮುಂದೆ ಎಲ್ಲಿಯೋ ನೇರ ಶಾರ್ಟ್ ಆಗಿದೆ, ಹೊಸ ಫ್ಯೂಜು ಹಾಕಿದರೆ ಅದೂ ಸುಡುತ್ತದೆ. ಫ್ಯೂಜಿನ ಪಕ್ಕದಲ್ಲಿ ಚಪ್ಪಟೆ ಬಿಲ್ಲೆಯಂಥ ವೇರಿಸ್ಟರ್ ಎಂಬ ಭಾಗವಿರುತ್ತದೆ. ಒತ್ತಡ ಮಿತಿ ಮೀರಿದಾಗ ತಾನು ಒಡೆದು ಫ್ಯೂಜನ್ನು ಕಡಿಸಿ ಉಳಿದದ್ದನ್ನು ಕಾಯುವುದು ಅದರ ಕೆಲಸ. ಮೂರು ಫೇಸು ಮತ್ತು ಒಂದು ನ್ಯೂಟ್ರಲ್ ಇರುವ ಹಂಚಿಕೆಯಲ್ಲಿ ಕಂಬದ ಮೇಲೆ ನ್ಯೂಟ್ರಲ್ ಕಡಿದರೆ ಕೆಲವು ಮನೆಗಳಿಗೆ 230ರ ಬದಲು 400 ವೋಲ್ಟಿನ ಹತ್ತಿರಕ್ಕೆ ಒತ್ತಡ ಏರುವುದರಿಂದ, ಒಂದೇ ಓಣಿಯಲ್ಲಿ ಹಲವು ಯಂತ್ರಗಳು ಒಂದೇ ದಿನ ಸತ್ತಿದ್ದರೆ ಒಡೆದ ಈ ಬಿಲ್ಲೆಯೇ ಸಾಕ್ಷಿ ಹೇಳುತ್ತದೆ. ಇನ್ನು ಬೇಸಗೆಯ ಪಾತ್ರ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಒಳಗಿನ ದ್ರವವು ಬಿಸಿಗೆ ಒಣಗುತ್ತ ಹೋಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರು ಒಪ್ಪಿದ ಲೆಕ್ಕ. ತಲೆ ಉಬ್ಬಿದ ಕೆಪಾಸಿಟರ್ ಈ ಸೀಮೆಯ ದುರಸ್ತಿ ಮೇಜುಗಳಿಗೆ ಪರಿಚಿತ ನೋಟ. ರೂಳು ಕರಗಿಸಿ ಟ್ರೆಡಲನ್ನು ನಿಲ್ಲಿಸುತ್ತಿದ್ದ ಬಿಸಿಲೇ ನೂರು ವರ್ಷಗಳ ನಂತರ ಈ ಚಿಕ್ಕ ಉರುಳೆಯೊಳಗಿನ ದ್ರವವನ್ನು ಒಣಗಿಸಿ ಪ್ರಿಂಟರನ್ನು ನಿಲ್ಲಿಸುತ್ತಿದೆ.

ದೋಷವು ಯಂತ್ರದಲ್ಲಿ ಇಲ್ಲದೆ ಹೊರಗೆ ಇದ್ದ ಕಾಲವೂ ಈ ಸೀಮೆಗೆ ಚೆನ್ನಾಗಿ ನೆನಪಿದೆ. 2005ರ ಜೂನ್‌ನಲ್ಲಿ ವಿದ್ಯುತ್ ಮಂಡಳಿಯನ್ನು ಉತ್ಪಾದನೆ, ಸಾಗಣೆ ಮತ್ತು ವಿತರಣೆಯ ಪ್ರತ್ಯೇಕ ಕಂಪನಿಗಳಾಗಿ ಒಡೆಯಲಾಯಿತು. ಆ ವರ್ಷ ಮತ್ತು ನಂತರದ ಹಲವು ವರ್ಷ ಮಹಾರಾಷ್ಟ್ರದ ಹಳ್ಳಿಗಳು ದಿನದ ಬಹುಭಾಗ ಲೋಡ್ ಶೆಡ್ಡಿಂಗನ್ನು ಅನುಭವಿಸಿದವು. ಪಂಪುಗಳು ನಡೆಯದಂತೆ, ದೀಪ ಮಾತ್ರ ಉರಿಯುವಂತೆ ಒಂದೇ ಫೇಸು ಬಿಡುವ ಪದ್ಧತಿ ಬಂದಿತು. ರೈತರು ಕೆಪಾಸಿಟರ್ ಜೋಡಿಸಿ ಆ ಒಂದು ಫೇಸಿನ ಮೇಲೆಯೇ ಪಂಪು ಎಬ್ಬಿಸಿದರು, ಅದರಿಂದ ಒತ್ತಡ ಇನ್ನಷ್ಟು ಕುಸಿಯಿತು. ಬೆಳೆ ಒಣಗುವಾಗ ಅದು ಬದುಕಿನ ಪ್ರಶ್ನೆಯಾಗಿತ್ತೆಂಬುದನ್ನು ಮರೆತು ಅವರನ್ನು ದೂರುವುದು ಸಲ್ಲದು. ಕಚೇರಿಗಳು ಇನ್ವರ್ಟರ್ ಮತ್ತು ಯುಪಿಎಸ್‌ಗಳನ್ನು ತಂದವು, ಅವುಗಳೊಂದಿಗೆ ಹೊಸ ಬಗೆಯ ದೋಷವೂ ಬಂದಿತು: ಲೇಸರ್ ಪ್ರಿಂಟರ್ ಕಾಗದದ ಮೇಲಿನ ಪುಡಿಯನ್ನು ಕಾಸಿ ಅಂಟಿಸುವಾಗ ಒಮ್ಮೆಲೇ ಎಳೆಯುವ ಹೆಚ್ಚಿನ ಪ್ರವಾಹವನ್ನು ಚಿಕ್ಕ ಯುಪಿಎಸ್ ತಾಳದೆ ತಾನೇ ಕಡಿದುಕೊಳ್ಳುತ್ತದೆ, ನೋಡುವವರಿಗೆ ಪ್ರಿಂಟರೇ ಸತ್ತಂತೆ ಕಾಣುತ್ತದೆ. ಪ್ರಿಂಟರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿದರೆ ತೊಂದರೆ ತೀರುತ್ತದೆ.

ಈ ಚರಿತ್ರೆಯಲ್ಲಿ ಅತ್ಯಂತ ದೊಡ್ಡದೂ ಅತ್ಯಂತ ಕಡಿಮೆ ಜನ ಗಮನಿಸಿದ್ದೂ ಆದ ಘಟನೆ 2013ರ ಡಿಸೆಂಬರ್ 31ರದು. ಅಲ್ಲಿಯವರೆಗೆ ದಕ್ಷಿಣ ಭಾರತದ ವಿದ್ಯುತ್ ಜಾಲ, ಅಂದರೆ ಗ್ರಿಡ್, ದೇಶದ ಉಳಿದ ಭಾಗದ ಜಾಲದಿಂದ ಬೇರೆಯಾಗಿತ್ತು. ಎರಡೂ ಕಡೆ ಸೆಕೆಂಡಿಗೆ 50 ಸಲ ಮಿಡಿಯುವ ಪರ್ಯಾಯ ಪ್ರವಾಹವೇ ಇದ್ದರೂ ಒಂದರ ಮಿಡಿತಕ್ಕೂ ಇನ್ನೊಂದರದಕ್ಕೂ ಮೇಳವಿರಲಿಲ್ಲ, ನೇರ ಪ್ರವಾಹದ ಕೆಲವು ಕೊಂಡಿಗಳ ಮೂಲಕವಷ್ಟೇ ವಿನಿಮಯ ನಡೆಯುತ್ತಿತ್ತು. ಆದ್ದರಿಂದ ಮೈಂದರಗಿ, ದುಧನಿಗಳ ದೀಪಗಳು ಒಂದು ಜಾಲದಲ್ಲಿಯೂ, ಗಡಿಯಾಚೆಗಿನ ಆಳಂದ, ಇಂಡಿಗಳ ದೀಪಗಳು ಇನ್ನೊಂದರಲ್ಲಿಯೂ ಉರಿಯುತ್ತಿದ್ದವು. ಎರಡೂ ಕಡೆಯ ಮಾತು, ಮದುವೆ, ಜಾತ್ರೆ ಒಂದೇ ಆಗಿದ್ದರೂ ತಂತಿಯಲ್ಲಿ ಹರಿಯುವ ಅಲೆ ಬೇರೆಬೇರೆಯಾಗಿತ್ತು. 2012ರ ಜುಲೈ 30 ಮತ್ತು 31ರಂದು ಉತ್ತರ ಮತ್ತು ಪೂರ್ವ ಭಾರತ ಕತ್ತಲಾದಾಗ ದಕ್ಷಿಣದ ಜಾಲಕ್ಕೆ ಧಕ್ಕೆಯಾಗದಿದ್ದುದು ಈ ಪ್ರತ್ಯೇಕತೆಯಿಂದ. ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟಿನ, ಸುಮಾರು 208 ಕಿಲೋಮೀಟರ್ ಉದ್ದದ ಮಾರ್ಗಕ್ಕೆ 2013ರ ವರ್ಷಾಂತ್ಯದ ದಿನ ವಿದ್ಯುತ್ ಹರಿಸಿದಾಗ ಎರಡು ಜಾಲಗಳೂ ಒಂದೇ ಲಯಕ್ಕೆ ಬಂದು, ಇಡೀ ದೇಶ ಒಂದು ಗ್ರಿಡ್ ಆಯಿತು. ಆಯೋಗಗಳೂ ವರದಿಗಳೂ ಸರಿಸಲಾಗದ ಕರ್ನಾಟಕ–ಮಹಾರಾಷ್ಟ್ರ ಗಡಿಯ ಮೇಲೆ ಹಾದುಹೋದ ಈ ತಂತಿಯಿಂದ ಸೊಲ್ಲಾಪುರಕ್ಕೆ ದೇಶದ ವಿದ್ಯುತ್ ಚರಿತ್ರೆಯಲ್ಲಿ ಸ್ಥಾನ ದೊರೆಯಿತು. ಮುಂದೆ 2017 ಮತ್ತು 2019ರಲ್ಲಿ ಹೋಟಗಿಯ ಬಳಿ ಎನ್‌ಟಿಪಿಸಿಯ ತಲಾ 660 ಮೆಗಾವಾಟ್‌ನ ಎರಡು ಘಟಕಗಳು, ಉಜನಿ ಜಲಾಶಯದಿಂದ ಕೊಳವೆಯಲ್ಲಿ ನೀರು ತಂದು, ಉತ್ಪಾದನೆ ಆರಂಭಿಸಿದವು.

ಪ್ರಿಂಟರಿಗೆ ಹಳ್ಳಿಗನ ಬದುಕಿನಲ್ಲಿ ಇಷ್ಟು ಮಹತ್ವ ಬಂದದ್ದು ಉತಾರದಿಂದ. ಕರ್ನಾಟಕದಲ್ಲಿ ಪಹಣಿ ಎನ್ನುವ ಜಮೀನಿನ ದಾಖಲೆಗೆ ಮಹಾರಾಷ್ಟ್ರದಲ್ಲಿ ಸಾತ್‌ಬಾರಾ ಉತಾರ ಎಂದು ಹೆಸರು. ತಲಾಠಿ, ಅಂದರೆ ಗ್ರಾಮಲೆಕ್ಕಿಗ, ಅದನ್ನು ದಫ್ತರದಿಂದ ಕೈಯಲ್ಲಿ ಬರೆದು ಕೊಡುತ್ತಿದ್ದ ಕಾಲ ಹೋಗಿ, 2018ರ ಮೇ 1ರಿಂದ ಡಿಜಿಟಲ್ ಸಹಿಯುಳ್ಳ ಉತಾರ ಬಂದಿತು. ಕರ್ನಾಟಕವು ಭೂಮಿ ಯೋಜನೆಯ ಮೂಲಕ ಇದಕ್ಕಿಂತ ಬಹಳ ಮುಂಚೆಯೇ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿತ್ತು. ಬೆಳೆಸಾಲಕ್ಕೂ ವಿಮೆಗೂ ಬೇಕಾದ ಆ ಒಂದು ಹಾಳೆ ಇಂದು ಹೆಚ್ಚಾಗಿ ಸೇವಾ ಕೇಂದ್ರದ ಪ್ರಿಂಟರಿನಿಂದಲೇ ಹೊರಬರುತ್ತದೆ. ಅದು ಚಾಲೂ ಆಗದಿದ್ದರೆ ಬೋರಿನಿಂದ ಬರೆದುಕೊಡುವ ಕಾರಕೂನನಾಗಲಿ, ಪಟ್ಟಿ ಕಳಚಿ ತುಳಿಯುವ ಕಾಲುಮಣೆಯಾಗಲಿ ಅಲ್ಲಿಲ್ಲ. ಇತ್ತೀಚಿನ ಯಂತ್ರಗಳಲ್ಲಿ ಕೆಟ್ಟ ಕೆಪಾಸಿಟರನ್ನು ಬದಲಿಸುವುದಕ್ಕಿಂತ ಇಡೀ ಬೋರ್ಡನ್ನೇ ಬದಲಿಸುವುದು ವಾಡಿಕೆಯಾಗುತ್ತಿರುವುದರಿಂದ, ಕೆಲವೇ ರೂಪಾಯಿಯ ಬಿಡಿಭಾಗದ ದೋಷಕ್ಕೆ ಸಾವಿರಾರು ರೂಪಾಯಿ ತೆರಬೇಕಾಗುತ್ತದೆ, ಬೋರ್ಡು ಬರುವವರೆಗೆ ದಿನಗಟ್ಟಲೆ ಕಾಯಬೇಕಾಗುತ್ತದೆ. ಭಾರತ ಸರಕಾರವು 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆದು, ಕೃಷಿ ಉಪಕರಣಗಳಿಂದ ಎಲೆಕ್ಟ್ರಾನಿಕ್ ಸಾಧನಗಳವರೆಗೆ ತಯಾರಕರು ಕೈಪಿಡಿ ಮತ್ತು ಬಿಡಿಭಾಗಗಳ ಮಾಹಿತಿಯನ್ನು ಒದಗಿಸಬೇಕೆಂದು ಅಪೇಕ್ಷಿಸಿದೆ. ಒಂದು ಬೋರ್ಡಿನ ಸರ್ಕ್ಯೂಟಿನ ನಕ್ಷೆ ಅಕ್ಕಲಕೋಟೆಯ ದುರಸ್ತಿ ಮೇಜಿಗೂ ತಲುಪುವಂತಾದರೆ, ಉಬ್ಬಿದ ಕೆಪಾಸಿಟರನ್ನು ತೆಗೆದು ಹೊಸದನ್ನು ಬೆಸೆಯಲು ಬೇಕಾದ ಕೈಗಳು ಈ ಸೀಮೆಯಲ್ಲಿ ಮಗ್ಗದ ಮೋಟಾರುಗಳ ಕಾಲದಿಂದಲೂ ಇವೆ.